ಮೋಟಸಿಲ್ಲ: ಪ್ರತ್ಯಯವೊಂದು ಬಾಲವಾದ ಬಗೆ

ಮೋಟಸಿಲ್ಲ ಎಂಬುದು ಸಿಪಿಲೆ ಹಕ್ಕಿಗಳ ಕುಲನಾಮ. ಕೆರೆಯ ಏರಿ, ಹೊಳೆಯ ನಡುವಿನ ಬಂಡೆ, ಉತ್ತ ಗದ್ದೆ, ಊರ ಹೊರಗಿನ ಬಯಲು, ಇಂಥ ಕಡೆಗಳಲ್ಲಿ ಪುಟಪುಟನೆ ಓಡಾಡುತ್ತ ಹುಳು ಹೆಕ್ಕುವ ಈ ತೆಳ್ಳನೆಯ ಹಕ್ಕಿ ನಿಂತಾಗಲೂ ಸುಮ್ಮನಿರುವುದಿಲ್ಲ. ಅದರ ಉದ್ದನೆಯ ಬಾಲ ಮೇಲೆ ಕೆಳಗೆ ಆಡುತ್ತಲೇ ಇರುತ್ತದೆ. ಬಿಳಿ ಹುಬ್ಬಿನ, ಕಪ್ಪು ಬಿಳುಪು ಮೈಯ ಸಿಪಿಲೆ ಕರ್ನಾಟಕದಲ್ಲಿ ವರ್ಷವಿಡೀ ನೆಲೆಸಿರುತ್ತದೆ. ಬೂದು, ಹಳದಿ ಮತ್ತು ಬಿಳಿ ಸಿಪಿಲೆಗಳು ಮಳೆಗಾಲ ಮುಗಿಯುವ ಹೊತ್ತಿಗೆ ಉತ್ತರದ ನಾಡುಗಳಿಂದ ಬಂದು, ಚಳಿಗಾಲ ಕಳೆದು ಹಿಂತಿರುಗುತ್ತವೆ.

ಈ ಹಕ್ಕಿಯನ್ನು ಕಂಡವರೆಲ್ಲ ಅದರ ಚಲನೆಯನ್ನೇ ಹೆಸರಾಗಿಸಿದ್ದಾರೆ. ಸಂಸ್ಕೃತದ ‘ಖಂಜನ’ ಎಂಬ ಹೆಸರು ಕುಂಟು ಎಂಬ ಅರ್ಥದ ‘ಖಂಜ್’ ಧಾತುವಿನಿಂದ ಬಂದದ್ದು. ಅಂದರೆ ಅಲ್ಲಿ ಕಣ್ಣಿಗೆ ಬಿದ್ದದ್ದು ನಡಿಗೆಯ ತೊನೆತ. ಚಂಚಲವಾದ ಕಣ್ಣುಗಳಿಗೆ ಖಂಜನವನ್ನು ಹೋಲಿಸುವ ಕವಿಸಮಯ ಹುಟ್ಟಿದ್ದೂ ಈ ಚಡಪಡಿಕೆಯಿಂದಲೇ. ಇಟಲಿಯವರು ಇದನ್ನು ನರ್ತಕಿ ಎಂಬರ್ಥದಲ್ಲಿ ‘ಬಾಲೆರಿನಾ’ ಎನ್ನುತ್ತಾರೆ. ಸ್ಪೇನಿನವರ ‘ಲಾವಂದೇರಾ’, ಹಿಂದಿಯ ‘ಧೋಬಿನ್’ ಎರಡಕ್ಕೂ ಬಟ್ಟೆ ಒಗೆಯುವವಳು ಎಂದರ್ಥ. ನೀರಿನ ದಡದಲ್ಲಿ ಬಾಗಿ ಏಳುವ ಹಕ್ಕಿಯನ್ನು ನೋಡಿ ಎರಡು ದೂರದ ನಾಡುಗಳ ಜನ ಒಂದೇ ಚಿತ್ರವನ್ನು ಕಂಡುಕೊಂಡಿದ್ದಾರೆ. ರೋಮನರು ಕಂಡದ್ದು ಬಾಲವನ್ನು. ಆದರೆ ಅವರು ಇಟ್ಟ ಹೆಸರಿನೊಳಗೆ ಬಾಲ ಎಂಬ ಪದ ಇರಲಿಲ್ಲ. ಅದು ಆಮೇಲೆ ಬಂದು ಸೇರಿಕೊಂಡಿತು. ಹೆಸರನ್ನು ಬಿಡಿಸಿ ಓದುವಾಗ ಆದ ಒಂದು ತಪ್ಪಿನಿಂದ ಲ್ಯಾಟಿನ್ನಿಗೆ ಹೊಸ ಪದವೊಂದು ದಕ್ಕಿದ ಕಥೆ ಇಲ್ಲಿಂದ ಆರಂಭವಾಗುತ್ತದೆ.

ಕ್ರಿ.ಪೂ. 116ರಿಂದ 27ರವರೆಗೆ ಬಾಳಿದ ರೋಮಿನ ವಿದ್ವಾಂಸ ಮಾರ್ಕಸ್ ಟೆರೆಂಟಿಯಸ್ ವಾರೋ ಲ್ಯಾಟಿನ್ ಭಾಷೆಯ ಬಗ್ಗೆ 25 ಭಾಗಗಳ ಒಂದು ಗ್ರಂಥ ಬರೆದಿದ್ದ. ಅದರಲ್ಲಿ ಈಗ ಉಳಿದಿರುವುದು ಐದರಿಂದ ಹತ್ತರವರೆಗಿನ ಭಾಗಗಳು ಮಾತ್ರ, ಅವೂ ಪೂರ್ತಿಯಾಗಿಲ್ಲ. ಐದನೆಯ ಭಾಗದಲ್ಲಿ ಹಕ್ಕಿಗಳ ಹೆಸರುಗಳ ಚರ್ಚೆ ಬರುತ್ತದೆ. ಬಹಳಷ್ಟು ಹಕ್ಕಿಗಳು ತಮ್ಮ ಕೂಗಿನಿಂದಲೇ ಹೆಸರು ಪಡೆದಿವೆ ಎನ್ನುತ್ತಾನೆ ವಾರೋ. ಚಂದ್ರಮುಕುಟಕ್ಕೆ ಉಪುಪ, ಕೋಗಿಲೆಯ ಬಳಗದ ಹಕ್ಕಿಗೆ ಕುಕೂಲುಸ್, ಕಾಗೆಯ ಬಳಗಕ್ಕೆ ಕೊರ್ವುಸ್, ಗೂಬೆಗೆ ಬೂಬೋ. ಕಾಕ, ಕೋಗಿಲೆ ಎನ್ನುವ ಕನ್ನಡಿಗರಿಗೆ ಈ ಮಾತು ಹೊಸದೇನಲ್ಲ. ಉಳಿದ ಹೆಸರುಗಳಿಗೆ ಅವನು ಬೇರೆ ಬೇರೆ ಕಾರಣ ಹುಡುಕುತ್ತಾನೆ. ಮೆರುಲ ಒಂಟಿಯಾಗಿ ಹಾರುವುದರಿಂದ ಆ ಹೆಸರು ಬಂತು, ಅಂಜೂರ ತಿಂದು ಕೊಬ್ಬುವುದರಿಂದ ಫಿಸೆಡುಲ, ರಾತ್ರಿ ಎಚ್ಚರವಿದ್ದು ಹಾಡುವುದರಿಂದ ನೊಕ್ಟುವ. ಇದೇ ಸಾಲಿನಲ್ಲಿ ಮೋಟಸಿಲ್ಲ ಬರುತ್ತದೆ. ಸದಾ ಬಾಲ ಆಡಿಸುವುದರಿಂದ ಅದಕ್ಕೆ ಆ ಹೆಸರು ಎಂಬುದು ವಾರೋ ಕೊಟ್ಟ ವಿವರಣೆ.

ವಾರೋವಿನ ವ್ಯುತ್ಪತ್ತಿಗಳೆಲ್ಲ ಸರಿಯಲ್ಲ. ಮೆರುಲಕ್ಕೆ ಅವನು ಹೇಳುವ ಕಾರಣವನ್ನು ಇಂದಿನ ಭಾಷಾವಿಜ್ಞಾನ ಒಪ್ಪುವುದಿಲ್ಲ. ಮೋಟಸಿಲ್ಲದ ವಿಷಯದಲ್ಲಿ ಮಾತ್ರ ಅವನ ಮಾತಿನ ಅರ್ಧ ಭಾಗ ಗಟ್ಟಿಯಾಗಿದೆ. ಲ್ಯಾಟಿನ್ನಿನಲ್ಲಿ ‘ಮೊವೇರೆ’ ಎಂದರೆ ಚಲಿಸು, ಅಲುಗಿಸು. ಒಂದೇ ಕ್ರಿಯೆ ಮತ್ತೆ ಮತ್ತೆ ನಡೆಯುವುದನ್ನು ಹೇಳಲು ಆ ಭಾಷೆ ಧಾತುವಿನ ಭೂತಕೃದಂತದಿಂದ ಹೊಸ ಧಾತುವೊಂದನ್ನು ಕಟ್ಟಿಕೊಳ್ಳುತ್ತದೆ. ಮೊವೇರೆಯ ಕೃದಂತ ‘ಮೋಟುಸ್’. ಅದರಿಂದ ‘ಮೋಟಾರೆ’, ಅಂದರೆ ಅಲುಗಾಡಿಸುತ್ತಲೇ ಇರು. ಕನ್ನಡ ಇಂಥ ಕಡೆ ದ್ವಿರುಕ್ತಿಯನ್ನು ಬಳಸುತ್ತದೆ: ಆಡಿಸಿ ಆಡಿಸಿ, ಕುಣಿಕುಣಿದು. ಲ್ಯಾಟಿನ್ ಅದೇ ಕೆಲಸವನ್ನು ಧಾತುವಿನ ಒಳಗೇ ಮುಗಿಸುತ್ತದೆ. ಸುಮ್ಮನಿರದ ಹಕ್ಕಿಗೆ ಈ ಪೌನಃಪುನ್ಯದ ಧಾತು ಚೆನ್ನಾಗಿ ಒಪ್ಪುತ್ತದೆ.

ಉಳಿದದ್ದು ಹೆಸರಿನ ಕೊನೆಯ ಭಾಗ. ಇದು ಚಿಕ್ಕದು, ಮುದ್ದಾದದ್ದು ಎಂದು ಸೂಚಿಸುವ ಅಲ್ಪಾರ್ಥಕ ಪ್ರತ್ಯಯ. ಕನ್ನಡದಲ್ಲಿ ಈ ಅರ್ಥ ಪದದ ಮುಂದೆ ಬಂದು ಕೂರುತ್ತದೆ: ಕಿರುಬೆರಳು, ಮರಿದುಂಬಿ, ಪುಟ್ಟಕ್ಕ. ಲ್ಯಾಟಿನ್ನಿನಲ್ಲಿ ಅದು ಬಾಲದಂತೆ ಹಿಂದೆ ಅಂಟಿಕೊಳ್ಳುತ್ತದೆ. ಹುಡುಗ ಎಂಬರ್ಥದ ಪುಎರ್‌ನಿಂದ ಹುಡುಗಿ ಎಂಬರ್ಥದ ಪುಎಲ್ಲ, ದಾಸಿ ಎಂಬರ್ಥದ ಆಂಕಿಲ್ಲ, ರಾಜ ಎಂಬರ್ಥದ ರೆಕ್ಸ್‌ನಿಂದ ಪುಟ್ಟ ರಾಜ ಎಂಬರ್ಥದ ರೆಗುಲುಸ್, ಇವೆಲ್ಲ ಅದೇ ಬಗೆಯ ರಚನೆಗಳು. ಹಕ್ಕಿಗಳ ಹೆಸರುಗಳಲ್ಲಂತೂ ರೋಮನರು ಈ ಪ್ರತ್ಯಯವನ್ನು ಧಾರಾಳವಾಗಿ ಬಳಸಿದ್ದಾರೆ. ಹೀಗೆ ನೋಡಿದರೆ ಮೋಟಸಿಲ್ಲ ಎಂದರೆ ‘ಅಲುಗಾಡುತ್ತಲೇ ಇರುವ ಪುಟ್ಟದು’ ಎಂದಷ್ಟೇ ಅರ್ಥ. ಲ್ಯಾಟಿನ್ನಿನಲ್ಲಿ ಬಾಲಕ್ಕೆ ಇರುವ ಪದ ‘ಕೌಡ’. ಅದು ಈ ಹೆಸರಿನಲ್ಲಿ ಎಲ್ಲಿಯೂ ಇಲ್ಲ. ಪ್ರಾಚೀನ ರೋಮನರು ಇದನ್ನು ಉಚ್ಚರಿಸುತ್ತಿದ್ದದ್ದು ಕಕಾರ ಇಟ್ಟು, ‘ಮೋತಕಿಲ್ಲ’ ಎಂದು. ಕಕಾರ ಸಕಾರವಾದದ್ದು ಆಮೇಲಿನ ಕಾಲದ ಯುರೋಪಿನ ರೂಢಿ.

ತಪ್ಪು ನಡೆದದ್ದು ವಾರೋವಿನ ವಾಕ್ಯವನ್ನು ಆಮೇಲಿನವರು ಓದಿದ ರೀತಿಯಲ್ಲಿ. ಸದಾ ಬಾಲ ಆಡಿಸುತ್ತದೆ, ಆದ್ದರಿಂದ ಮೋಟಸಿಲ್ಲ ಎಂದು ಅವನು ಹೇಳಿದ್ದ. ಓದಿದವರು ಹೆಸರನ್ನು ಎರಡು ತುಂಡು ಮಾಡಿದರು. ‘ಮೋಟ’ ಎಂದರೆ ಆಡಿಸು ಎಂಬುದು ಸ್ಪಷ್ಟ, ಹಾಗಿದ್ದಮೇಲೆ ಉಳಿದ ‘ಸಿಲ್ಲ’ ಬಾಲವೇ ಇರಬೇಕು ಎಂದುಕೊಂಡರು. ಇಂಥ ತಪ್ಪು ವಿಂಗಡಣೆ ಭಾಷೆಗಳಲ್ಲಿ ಅಪರೂಪವಲ್ಲ. ಜರ್ಮನಿಯ ಹ್ಯಾಂಬರ್ಗ್ ಊರಿನ ಹೆಸರಿನಿಂದ ‘ಹ್ಯಾಂಬರ್ಗರ್’ ಬಂತು. ಜನ ಅದನ್ನು ಹ್ಯಾಂ ಮತ್ತು ಬರ್ಗರ್ ಎಂದು ಒಡೆದರು. ಈಗ ಬೆಂಗಳೂರಿನ ಬೀದಿಗಳಲ್ಲೂ ತರಕಾರಿ ಬರ್ಗರ್ ಸಿಗುತ್ತದೆ. ಊರಿನ ಹೆಸರಿನ ಒಂದು ತುಣುಕು ತಿಂಡಿಯ ಹೆಸರಾಗಿ ನಿಂತಿದೆ. ‘ಸಿಲ್ಲ’ಕ್ಕೂ ಆದದ್ದು ಅದೇ. ವ್ಯತ್ಯಾಸವೆಂದರೆ ಇಲ್ಲಿ ಒಡೆದವರು ಸಾಮಾನ್ಯ ಜನರಲ್ಲ, ಲ್ಯಾಟಿನ್ನಿನಲ್ಲಿ ಪಳಗಿದ ಪಂಡಿತರು.

ಆ ಪಂಡಿತರಲ್ಲಿ ಮುಖ್ಯನಾದವನು ಥಿಯೋಡೋರಸ್ ಗಾಜಾ. ಥೆಸಲೋನಿಕದಲ್ಲಿ ಹುಟ್ಟಿ ಇಟಲಿಗೆ ಬಂದು ನೆಲೆಸಿದ ಈ ಗ್ರೀಕ್ ವಿದ್ವಾಂಸ 15ನೆಯ ಶತಮಾನದಲ್ಲಿ ಅರಿಸ್ಟಾಟಲನ ಪ್ರಾಣಿಶಾಸ್ತ್ರದ ಗ್ರಂಥಗಳನ್ನು ಲ್ಯಾಟಿನ್ನಿಗೆ ತಂದ. ಅನುವಾದ 1476ರಲ್ಲಿ ವೆನಿಸ್ಸಿನಲ್ಲಿ ಅಚ್ಚಾಯಿತು. ಅನುವಾದಕನಿಗೆ ಎದುರಾದ ದೊಡ್ಡ ಕಷ್ಟವೆಂದರೆ ಲ್ಯಾಟಿನ್ನಿನಲ್ಲಿ ಹೆಸರೇ ಇಲ್ಲದ ಹಕ್ಕಿಗಳು. ಗ್ರೀಕರು ಒಂದು ಹದ್ದನ್ನು ‘ಪೈಗಾರ್ಗೋಸ್’ ಎನ್ನುತ್ತಿದ್ದರು, ಬಿಳಿ ಹಿಂಬದಿಯದು ಎಂದರ್ಥ. ಇನ್ನೊಂದು ಪುಟ್ಟ ಹಕ್ಕಿಗೆ ‘ಫೊಯ್ನಿಕೂರೋಸ್’, ಅಂದರೆ ಕೆಂಬಾಲ. ಗಾಜಾ ಇವಕ್ಕೆ ಹೊಸ ಪದಗಳನ್ನು ಟಂಕಿಸಿದ. ಬಿಳಿ ಎಂಬರ್ಥದ ‘ಅಲ್ಬುಸ್’ಗೆ ಸಿಲ್ಲ ಸೇರಿಸಿ ‘ಅಲ್ಬಿಸಿಲ್ಲ’, ಕೆಂಪು ಛಾಯೆಯ ‘ರುಟಿಲುಸ್’ಗೆ ಸಿಲ್ಲ ಸೇರಿಸಿ ‘ರುಟಿಸಿಲ್ಲ’. ಎರಡು ಕಡೆಯೂ ಸಿಲ್ಲ ಎಂದರೆ ಬಾಲ. ವ್ಯಾಕರಣದ ಲೆಕ್ಕದಲ್ಲಿ ಇದು ದೋಷ, ಕಿವಿಗೆ ಮಾತ್ರ ಅಪ್ಪಟ ಲ್ಯಾಟಿನ್. ಮೋಟಸಿಲ್ಲದ ಪಕ್ಕದಲ್ಲಿ ಇಟ್ಟರೆ ಅಕ್ಕತಂಗಿಯರಂತೆ ಕಾಣುತ್ತವೆ.

ಅರಿಸ್ಟಾಟಲನ ಗ್ರಂಥವನ್ನು ಯುರೋಪಿನ ವಿದ್ವಾಂಸರು ಓದುತ್ತಿದ್ದದ್ದು ಹೆಚ್ಚಾಗಿ ಗಾಜಾನ ಅನುವಾದದಲ್ಲಿ. ಹಾಗಾಗಿ ಈ ಪದಗಳು ಬೇಗ ಹರಡಿದವು. ವಿಲಿಯಂ ಟರ್ನರ್ ಎಂಬ ಇಂಗ್ಲಿಷ್ ಪಕ್ಷಿತಜ್ಞ 1544ರಲ್ಲಿ ಕೊಲೋನ್ ನಗರದಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಅರಿಸ್ಟಾಟಲ್ ಮತ್ತು ರೋಮಿನ ಲೇಖಕ ಪ್ಲಿನಿ ಹೇಳಿದ ಹಕ್ಕಿಗಳು ಯಾವುವು ಎಂದು ಗುರುತಿಸಲು ಹೊರಟ. ಅಲ್ಲಿ ಕೆಂಬಾಲದ ಹಕ್ಕಿ ರುಟಿಸಿಲ್ಲ ಎಂದೇ ಬರುತ್ತದೆ. ಒಂದು ಶತಮಾನ ದಾಟುವ ಮೊದಲೇ ಟಂಕಿಸಿದ ಪದ ಪುರಾತನ ಪದದ ಗೌರವ ಪಡೆದಿತ್ತು.

ಮುಂದಿನ ಹೆಜ್ಜೆ ಸ್ವೀಡನ್ನಿನ ಕಾರ್ಲ್ ಲಿನೇಯಸ್‌ನದು. ಪ್ರತಿ ಜೀವಿಗೆ ಕುಲದ ಒಂದು ಹೆಸರು, ಪ್ರಭೇದದ ಒಂದು ಹೆಸರು ಎಂಬ ಪದ್ಧತಿಯನ್ನು ಅವನು 1758ರ ‘ಸಿಸ್ಟೆಮಾ ನೇಚುರೇ’ ಗ್ರಂಥದ ಹತ್ತನೆಯ ಆವೃತ್ತಿಯಲ್ಲಿ ಪ್ರಾಣಿಗಳಿಗೆಲ್ಲ ಅನ್ವಯಿಸಿದ. ಪ್ರಾಣಿಗಳ ಶಾಸ್ತ್ರೀಯ ಹೆಸರಿನ ಲೆಕ್ಕ ಶುರುವಾಗುವುದೇ ಆ ಆವೃತ್ತಿಯಿಂದ. ಅದರಲ್ಲಿ ಮೋಟಸಿಲ್ಲ ಒಂದು ಕುಲನಾಮವಾಯಿತು. ಆದರೆ ಲಿನೇಯಸ್ ಅದರೊಳಗೆ ಸಿಪಿಲೆಗಳನ್ನು ಮಾತ್ರ ಇಡಲಿಲ್ಲ. ಸಣ್ಣ, ನೇರ, ಸೂಜಿಯಂಥ ಕೊಕ್ಕಿನ ಹಕ್ಕಿಗಳನ್ನೆಲ್ಲ ತಂದು ತುಂಬಿದ. ನೈಟಿಂಗೇಲ್, ಯುರೋಪಿನ ರಾಬಿನ್, ರೆನ್, ಕೆಂಬಾಲ, ಎಲ್ಲವೂ ಮೋಟಸಿಲ್ಲಗಳೇ ಆದವು. ಬಾಲವನ್ನು ಒಮ್ಮೆಯೂ ಕುಣಿಸದ ಹಕ್ಕಿಗಳಿಗೂ ಈ ಹೆಸರು ಅಂಟಿತು. ಮುಂದಿನ ತಲೆಮಾರುಗಳು ಆ ಗುಂಪನ್ನು ಒಂದೊಂದಾಗಿ ಬಿಡಿಸಿ ಬೇರೆ ಕುಲಗಳಿಗೆ ಕಳುಹಿಸಿದವು. ಕೊನೆಗೆ ಮೂಲ ಹೆಸರಿನಡಿ ಉಳಿದದ್ದು ಸಿಪಿಲೆಗಳು ಮಾತ್ರ.

ಹಕ್ಕಿಯನ್ನು ಹೀಗೆ ಒಂದು ಕುಲದಿಂದ ಇನ್ನೊಂದಕ್ಕೆ ಕಳುಹಿಸಿದಾಗ ಲ್ಯಾಟಿನ್ ವ್ಯಾಕರಣ ತನ್ನ ಪಾಲನ್ನು ಕೇಳುತ್ತದೆ. ಅದನ್ನು ತಿಳಿಯಲು ಮೊದಲು ಲಿಂಗದ ವಿಷಯ ನೋಡಬೇಕು. ಕನ್ನಡದ ವಿಶೇಷಣ ಯಾರ ಮುಂದೆ ನಿಂತರೂ ಬದಲಾಗದು: ಬಿಳಿ ಹಕ್ಕಿ, ಬಿಳಿ ಕುದುರೆ, ಬಿಳಿ ಕಲ್ಲು. ಸಂಸ್ಕೃತದಲ್ಲಿ ಹಾಗಲ್ಲ. ಪುಲ್ಲಿಂಗಕ್ಕೆ ಶ್ವೇತಃ, ಸ್ತ್ರೀಲಿಂಗಕ್ಕೆ ಶ್ವೇತಾ, ನಪುಂಸಕಕ್ಕೆ ಶ್ವೇತಮ್. ವಿಶೇಷ್ಯದ ಲಿಂಗ ವಚನ ವಿಭಕ್ತಿಗಳನ್ನು ವಿಶೇಷಣ ಅನುಸರಿಸಲೇಬೇಕು. ಲ್ಯಾಟಿನ್ನಿನದೂ ಇದೇ ನಿಯಮ, ಇದೇ ಮೂರು ರೂಪ: ಅಲ್ಬುಸ್, ಅಲ್ಬ, ಅಲ್ಬುಮ್. ಅಃ–ಆ–ಅಮ್ ಮತ್ತು ಉಸ್–ಅ–ಉಮ್ ಇವುಗಳ ಹೋಲಿಕೆ ಆಕಸ್ಮಿಕವಲ್ಲ. ಸಂಸ್ಕೃತ ಮತ್ತು ಲ್ಯಾಟಿನ್ ಒಂದೇ ಇಂಡೋ-ಯುರೋಪಿಯನ್ ಕುಟುಂಬದ ಭಾಷೆಗಳು, ಪ್ರತ್ಯಯಗಳನ್ನು ಒಂದೇ ಮನೆಯಿಂದ ತಂದುಕೊಂಡಿವೆ. ಸಂಸ್ಕೃತದ ಶಬ್ದರೂಪಗಳನ್ನು ಬಾಯಿಪಾಠ ಮಾಡಿದವರಿಗೆ ಹಕ್ಕಿಗಳ ಲ್ಯಾಟಿನ್ ಹೆಸರುಗಳು ಇಂಗ್ಲಿಷ್ ಬಲ್ಲವರಿಗಿಂತ ಬೇಗ ಒಲಿಯುತ್ತವೆ.

ಮೋಟಸಿಲ್ಲ ಸ್ತ್ರೀಲಿಂಗ. ಹಾಗಾಗಿ ಅದರ ಜೊತೆ ನಿಲ್ಲುವ ವಿಶೇಷಣಗಳೆಲ್ಲ ಸ್ತ್ರೀಲಿಂಗದ ರೂಪದಲ್ಲೇ ಇವೆ. ಬಿಳಿ ಸಿಪಿಲೆ ಮೋಟಸಿಲ್ಲ ಅಲ್ಬ, ಹಳದಿ ಸಿಪಿಲೆ ಮೋಟಸಿಲ್ಲ ಫ್ಲಾವ. ಎರಡೂ ಲಿನೇಯಸ್ 1758ರಲ್ಲಿ ಇಟ್ಟ ಹೆಸರುಗಳು. ಬೂದು ಸಿಪಿಲೆಗೆ 1771ರಲ್ಲಿ ಟನ್‌ಸ್ಟಾಲ್ ಕೊಟ್ಟ ಹೆಸರು ಮೋಟಸಿಲ್ಲ ಸಿನೆರಿಯ. ಸಿನೆರಿಯ ಎಂದರೆ ಬೂದಿಯ ಬಣ್ಣದ್ದು. ಈ ಹಕ್ಕಿಯ ಕೆಳಮೈಯ ಹಳದಿ ನೋಡಿ ಹೆಸರು ತಪ್ಪೆಂದುಕೊಳ್ಳುವವರಿದ್ದಾರೆ, ಅದು ಹೇಳುತ್ತಿರುವುದು ಬೆನ್ನಿನ ಬಣ್ಣವನ್ನು. ಬೂದು ಬಕಕ್ಕೂ ಇದೇ ವಿಶೇಷಣ, ಆರ್ಡಿಯ ಸಿನೆರಿಯ, ಏಕೆಂದರೆ ಆರ್ಡಿಯವೂ ಸ್ತ್ರೀಲಿಂಗ. ಕರ್ನಾಟಕದ ತೋಟಗಳಲ್ಲಿ ಕಾಣುವ ಪುಟ್ಟ ಬೂದು ಟಿಟ್ ಹಕ್ಕಿ ಮಾತ್ರ ಪಾರುಸ್ ಸಿನೆರಿಯುಸ್. ಪಾರುಸ್ ಪುಲ್ಲಿಂಗವಾದ್ದರಿಂದ ಬೂದಿಯ ಬಣ್ಣವೂ ಪುಲ್ಲಿಂಗಕ್ಕೆ ತಿರುಗಿತು. ಇದಕ್ಕೂ ಹಕ್ಕಿ ಗಂಡೋ ಹೆಣ್ಣೋ ಎಂಬುದಕ್ಕೂ ಸಂಬಂಧವಿಲ್ಲ. ಗಂಡು ಸಿಪಿಲೆಯೂ ಅಲ್ಬವೇ.

ಕುಲ ಬದಲಾದಾಗ ಏನಾಗುತ್ತದೆ ಎಂಬುದಕ್ಕೆ ದರ್ಜಿಹಕ್ಕಿಗಿಂತ ಒಳ್ಳೆಯ ನಿದರ್ಶನವಿಲ್ಲ. ಎಲೆಗಳನ್ನು ಹೊಲಿದು ಗೂಡು ಕಟ್ಟುವ, ಕರ್ನಾಟಕದ ಹಿತ್ತಲುಗಳಲ್ಲೆಲ್ಲ ಕಾಣುವ ಈ ಹಕ್ಕಿಗೆ 1769ರಲ್ಲಿ ಥಾಮಸ್ ಪೆನಂಟ್ ಇಟ್ಟ ಹೆಸರು ಮೋಟಸಿಲ್ಲ ಸುಟೋರಿಯ. ಸುಟೋರಿಯ ಎಂದರೆ ಹೊಲಿಗೆಗೆ ಸೇರಿದ್ದು. ಮುಂದೆ ಅದು ಸಿಪಿಲೆಯಲ್ಲ ಎಂದು ಗೊತ್ತಾಗಿ ಆರ್ಥೊಟೊಮುಸ್ ಎಂಬ ಕುಲಕ್ಕೆ ಹೋಯಿತು. ಆ ಹೆಸರು ಪುಲ್ಲಿಂಗ. ಆದ್ದರಿಂದ ಈಗ ದರ್ಜಿಹಕ್ಕಿ ಆರ್ಥೊಟೊಮುಸ್ ಸುಟೋರಿಯುಸ್. ಕಾಡು ಸಿಪಿಲೆಯ ಕಥೆಯೂ ಇಂಥದೇ. 1789ರಲ್ಲಿ ಗ್ಮೆಲಿನ್ ಅದನ್ನು ಮೋಟಸಿಲ್ಲ ಇಂಡಿಕ ಎಂದು ಕರೆದ. ಪಶ್ಚಿಮಘಟ್ಟದ ಕಾಡು ಮತ್ತು ಕಾಫಿ ತೋಟಗಳಿಗೆ ಚಳಿಗಾಲದಲ್ಲಿ ಬರುವ ಈ ಹಕ್ಕಿ ಮರದ ಕೊಂಬೆಗಳ ಮೇಲೂ ನಡೆಯುತ್ತದೆ. ಬಾಲವನ್ನು ಮೇಲೆ ಕೆಳಗೆ ಆಡಿಸುವ ಬದಲು ಅಕ್ಕಪಕ್ಕಕ್ಕೆ ತೂಗುತ್ತದೆ. ಎಡ್ವರ್ಡ್ ಬ್ಲೈತ್ 1844ರಲ್ಲಿ ಅದಕ್ಕೆಂದೇ ಡೆಂಡ್ರೊನಾಂಥುಸ್ ಎಂಬ ಪ್ರತ್ಯೇಕ ಕುಲ ರಚಿಸಿದ. ಗ್ರೀಕಿನಲ್ಲಿ ಡೆಂಡ್ರೋನ್ ಎಂದರೆ ಮರ. ಇಂಡಿಕ ಆಗ ಇಂಡಿಕುಸ್ ಆಯಿತು. ಪಟ್ಟಿಗಳಲ್ಲಿ ಅದರ ಮುಂದೆ ಗ್ಮೆಲಿನ್ ಹೆಸರನ್ನು ಆವರಣ ಚಿಹ್ನೆಯೊಳಗೆ ಹಾಕುತ್ತಾರೆ. ಪ್ರಭೇದಕ್ಕೆ ಹೆಸರಿಟ್ಟವನು ಇವನೇ, ಆದರೆ ಕುಲ ಆಮೇಲೆ ಬದಲಾಗಿದೆ ಎಂಬುದರ ಗುರುತು ಅದು.

ನಪುಂಸಕ ಲಿಂಗದ ಕುಲಗಳೂ ಇವೆ. ಕರ್ನಾಟಕದ ಕಾಡಂಚುಗಳಲ್ಲಿ ಹಗಲಲ್ಲೂ ಕೂಗುವ ಪುಟ್ಟ ಗೂಬೆಯೊಂದನ್ನು ಟಿಕೆಲ್ 1833ರಲ್ಲಿ ಸ್ಟ್ರಿಕ್ಸ್ ರೇಡಿಯಾಟ ಎಂದು ಹೆಸರಿಸಿದ್ದ. ಗ್ಲಾಸಿಡಿಯುಮ್ ಎಂಬ ನಪುಂಸಕ ಕುಲಕ್ಕೆ ಸೇರಿದ ಮೇಲೆ ಅದು ಗ್ಲಾಸಿಡಿಯುಮ್ ರೇಡಿಯಾಟುಮ್. ಬಣ್ಣದ ಕೊಕ್ಕರೆ ಹೊರಟದ್ದು ಪುಲ್ಲಿಂಗದಿಂದ. ಪೆನಂಟ್ 1769ರಲ್ಲಿ ಟಾಂಟಲುಸ್ ಲ್ಯೂಕೊಸೆಫಾಲುಸ್ ಎಂದದ್ದು, ಮಿಕ್ಟೇರಿಯ ಕುಲಕ್ಕೆ ಬಂದು ಲ್ಯೂಕೊಸೆಫಾಲ ಆಯಿತು. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನ ಮರಗಳಲ್ಲಿ ಗೂಡು ಕಟ್ಟುವ ಹಕ್ಕಿ ಅದೇ.

ಪದದ ಕೊನೆಯಲ್ಲಿ ಅಕಾರ ಕಂಡೊಡನೆ ಸ್ತ್ರೀಲಿಂಗ ಎಂದು ತೀರ್ಮಾನಿಸುವಂತಿಲ್ಲ. ಸಂಸ್ಕೃತದ ಪಿತಾ, ರಾಜಾ ಎಂಬ ರೂಪಗಳು ಆಕಾರದಲ್ಲಿ ಕೊನೆಗೊಂಡರೂ ಪುಲ್ಲಿಂಗಗಳೇ. ಲ್ಯಾಟಿನ್ನಿನಲ್ಲಿ ರೈತನಿಗೆ ‘ಅಗ್ರಿಕೋಲ’ ಎನ್ನುತ್ತಾರೆ, ಅದೂ ಪುಲ್ಲಿಂಗ. ‘ಕೋಲ’ ಎಂದರೆ ವಾಸಿಸುವವನು, ಕೃಷಿ ಮಾಡುವವನು. ಬಂಡೆವಾಸಿ ಎಂಬರ್ಥದ ಸಾಕ್ಸಿಕೋಲ ಎಂಬ ಕುಲನಾಮವನ್ನೂ ಹಾಗೆಯೇ ಪುಲ್ಲಿಂಗವೆಂದು ಎಣಿಸಬೇಕು. ಚಳಿಗಾಲದಲ್ಲಿ ಕರ್ನಾಟಕದ ಬಯಲುಗಳಿಗೆ ಬರುವ ಸ್ಟೋನ್‌ಚಾಟ್ ಹಕ್ಕಿಗೆ ಪಲ್ಲಾಸ್ 1773ರಲ್ಲಿ ಕೊಟ್ಟ ಹೆಸರು ಮೋಟಸಿಲ್ಲ ಮೌರ. ಅದು ಸಾಕ್ಸಿಕೋಲಕ್ಕೆ ಬಂದ ಮೇಲೂ ಎಷ್ಟೋ ಕಾಲ ಪುಸ್ತಕಗಳಲ್ಲಿ ಸ್ತ್ರೀಲಿಂಗದ ಮೌರವೇ ಉಳಿದಿತ್ತು. ನಾರ್ಮಂಡ್ ಡೇವಿಡ್ ಮತ್ತು ಮಿಶೆಲ್ ಗೊಸ್ಸೆಲಿನ್ 2002ರಲ್ಲಿ ಬ್ರಿಟಿಷ್ ಪಕ್ಷಿತಜ್ಞರ ಕ್ಲಬ್ಬಿನ ಪತ್ರಿಕೆಯಲ್ಲಿ ಹಕ್ಕಿಗಳ ಹೆಸರುಗಳ ಲಿಂಗವನ್ನು ಒಂದೊಂದಾಗಿ ಪರಿಶೀಲಿಸಿ ದೀರ್ಘ ಲೇಖನಗಳನ್ನು ಬರೆದರು. ಅಲ್ಲಿಂದ ಮುಂದೆ ಸಾಕ್ಸಿಕೋಲ ಮೌರುಸ್ ಎಂಬ ರೂಪ ನೆಲೆಗೊಂಡಿತು. ಪದದ ಕೊನೆಯಲ್ಲಷ್ಟೇ ಆದ ತಿದ್ದುಪಡಿ, ಆದರೆ ಪಟ್ಟಿಗಳು, ಸಂಗ್ರಹಾಲಯದ ಚೀಟಿಗಳು, ಕೈಪಿಡಿಗಳು ಎಲ್ಲವೂ ಬದಲಾಗಬೇಕಾಯಿತು.

ಊರಿನ ಹೆಸರಿನಿಂದ ಹುಟ್ಟುವ ವಿಶೇಷಣಗಳಿಗೆ ಬೇರೆ ಪ್ರತ್ಯಯವಿದೆ: ‘ಎನ್ಸಿಸ್’. ಇಂಥ ಊರಿನದು ಎಂದರ್ಥ. ಕರ್ನಾಟಕದಲ್ಲಿ ವರ್ಷವಿಡೀ ಕಾಣುವ ಬಿಳಿ ಹುಬ್ಬಿನ ಸಿಪಿಲೆ ಮೋಟಸಿಲ್ಲ ಮದೆರಾಸ್ಪಟೆನ್ಸಿಸ್. 1789ರಲ್ಲಿ ಗ್ಮೆಲಿನ್ ಇಟ್ಟ ಈ ಉದ್ದನೆಯ ಹೆಸರಿನೊಳಗೆ ಅಡಗಿರುವುದು ಮದರಾಸುಪಟ್ಟಣ. ಎನ್ಸಿಸ್ ಪ್ರತ್ಯಯದಲ್ಲಿ ಪುಲ್ಲಿಂಗಕ್ಕೂ ಸ್ತ್ರೀಲಿಂಗಕ್ಕೂ ಒಂದೇ ರೂಪ, ನಪುಂಸಕಕ್ಕೆ ಮಾತ್ರ ಎನ್ಸೆ. ದಕ್ಷಿಣ ಆಫ್ರಿಕದ ಕೇಪ್ ಪ್ರದೇಶದ ಎರಡು ಹಕ್ಕಿಗಳನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಅಲ್ಲಿಯ ಸಿಪಿಲೆ ಮೋಟಸಿಲ್ಲ ಕಾಪೆನ್ಸಿಸ್, ಅಲ್ಲಿಯ ಪುಟ್ಟ ಗೂಬೆ ಗ್ಲಾಸಿಡಿಯುಮ್ ಕಾಪೆನ್ಸೆ. ಉಪಪ್ರಭೇದದ ಮೂರನೆಯ ಹೆಸರಿಗೂ ಇದೇ ನಿಯಮ. ಕರ್ನಲ್ ಸೈಕ್ಸ್ ದಖ್ಖನಿನಲ್ಲಿ ಹಕ್ಕಿಗಳನ್ನು ಸಂಗ್ರಹಿಸಿ 1832ರಲ್ಲಿ ಪಟ್ಟಿ ಪ್ರಕಟಿಸಿದಾಗ, ಬಿಳಿ ಸಿಪಿಲೆಯ ಒಂದು ಬಗೆಗೆ ದುಖುನೆನ್ಸಿಸ್ ಎಂಬ ಹೆಸರು ಬಂತು. ದುಖುನ್ ಎಂದರೆ ದಖ್ಖನ್, ಆ ಕಾಲದ ಇಂಗ್ಲಿಷರ ಕಾಗುಣಿತದಲ್ಲಿ. ಹಳದಿ ಸಿಪಿಲೆಯ ಬಗೆಯೊಂದಕ್ಕೆ ಅವನು ಇಟ್ಟದ್ದು ಬೀಮಾ, ವಿಜಯಪುರ, ಕಲಬುರಗಿಯ ಜನರಿಗೆ ತಮ್ಮ ಹೊಳೆಯನ್ನು ನೆನಪಿಗೆ ತರುವ ಹೆಸರು. ದುಖುನೆನ್ಸಿಸ್ ಲ್ಯಾಟಿನ್ ಪ್ರತ್ಯಯ ತೊಟ್ಟು ಬಂದಿದೆ, ಬೀಮಾ ಯಾವ ಪ್ರತ್ಯಯವೂ ಇಲ್ಲದೆ ಇದ್ದ ಹಾಗೆಯೇ ನಿಂತಿದೆ.

ಹೀ‌ಗೆ ಬದಲಾಗದೆ ನಿಲ್ಲುವ ಹೆಸರುಗಳದು ಬೇರೆಯೇ ಒಂದು ವರ್ಗ. ಪ್ರಭೇದದ ಹೆಸರು ವಿಶೇಷಣವಾಗದೆ ನಾಮಪದವೇ ಆಗಿದ್ದರೆ, ಅದು ಕುಲನಾಮದ ಪಕ್ಕದಲ್ಲಿ ಸಮಾನ ವಿಭಕ್ತಿಯಲ್ಲಿ ಕೂರುತ್ತದೆ. ‘ನದಿ ಕಾವೇರಿ’ ಎಂದಂತೆ. ಆಗ ಲಿಂಗ ಹೊಂದಿಸುವ ಅಗತ್ಯವಿಲ್ಲ. ಗಾಜಾ ಟಂಕಿಸಿದ ಸಿಲ್ಲ ಪದಗಳು ಈ ವರ್ಗಕ್ಕೆ ಸೇರಿದವು. ಬಿಳಿ ಬಾಲದ ಕಡಲಹದ್ದಿನ ಈಗಿನ ಹೆಸರು ಹಾಲಿಯೇಟುಸ್ ಅಲ್ಬಿಸಿಲ್ಲ. ಹಾಲಿಯೇಟುಸ್ ಪುಲ್ಲಿಂಗ, ಆದರೂ ಅಲ್ಬಿಸಿಲ್ಲುಸ್ ಎಂದಾಗಲಿಲ್ಲ, ಏಕೆಂದರೆ ಅಲ್ಬಿಸಿಲ್ಲ ಎಂಬುದು ‘ಬಿಳಿಬಾಲ’ ಎಂಬ ನಾಮಪದ. ಅದೇ ಕುಲದ ಅಮೆರಿಕದ ಬೋಳುಹದ್ದು ಹಾಲಿಯೇಟುಸ್ ಲ್ಯೂಕೊಸೆಫಾಲುಸ್. ಅಲ್ಲಿ ‘ಬಿಳಿ ತಲೆಯ’ ಎಂಬ ವಿಶೇಷಣವಿರುವುದರಿಂದ ಲಿಂಗ ಹೊಂದಿಕೆಯಾಗಿದೆ. ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದಲ್ಲಿ ಗೂಡು ಕಟ್ಟುವ ಬಿಳಿ ಹೊಟ್ಟೆಯ ಕಡಲಹದ್ದಿನ ಹೆಸರೂ ಬಹುಕಾಲ ಹಾಲಿಯೇಟುಸ್ ಲ್ಯೂಕೊಗಾಸ್ಟರ್ ಎಂದೇ ಇತ್ತು. ಗಾಸ್ಟರ್ ಎಂದರೆ ಗ್ರೀಕಿನಲ್ಲಿ ಹೊಟ್ಟೆ, ಅದು ನಾಮಪದ, ಬದಲಾಗದು. ಬಹುಕಾಲ ಒಂದೇ ಕುಲದಲ್ಲಿದ್ದ ಈ ಮೂರು ಹದ್ದುಗಳಲ್ಲಿ ಬಾಲ, ತಲೆ, ಹೊಟ್ಟೆ ಮೂರೂ ಬಿಳಿ, ವ್ಯಾಕರಣ ಮಾತ್ರ ಎಲ್ಲ ಕಡೆ ಒಂದೇ ಅಲ್ಲ.

ತಪ್ಪಿನಿಂದ ಹುಟ್ಟಿದ ಈ ಪದ ಇತರ ಕಡೆಗಳಿಗೂ ಹಬ್ಬಿತು. ರುಟಿಸಿಲ್ಲ ಎಂಬ ಹೆಸರನ್ನು ಲಿನೇಯಸ್ ಕೊಟ್ಟದ್ದು ಟರ್ನರ್ ಬಲ್ಲ ಯುರೋಪಿನ ಹಕ್ಕಿಗಲ್ಲ, ಅಮೆರಿಕದ ಒಂದು ಹಕ್ಕಿಗೆ. ಅದು ಈಗ ಸೆಟೊಫಾಗ ರುಟಿಸಿಲ್ಲ. ಅಲ್ಬಿಸಿಲ್ಲ ಎಂಬುದು ಪಲ್ಲಾಸ್‌ನಿಂದ ಒಂದು ನೊಣಹಿಡುಕಕ್ಕೂ ಸಂದಿತು, ಫಿಸೆಡುಲ ಅಲ್ಬಿಸಿಲ್ಲ. ಇಲ್ಲಿ ವಾರೋ ಚರ್ಚಿಸಿದ ಅಂಜೂರದ ಹಕ್ಕಿಯೂ ಗಾಜಾ ಕಟ್ಟಿದ ಬಿಳಿಬಾಲವೂ ಒಂದೇ ಹೆಸರಿನಲ್ಲಿ ಜೊತೆಯಾಗಿವೆ.

ಎಲ್ಲಕ್ಕಿಂತ ಸೊಗಸಾದದ್ದು ಬಾಂಬಿಸಿಲ್ಲ. ಉತ್ತರದ ಶೀತ ನಾಡುಗಳ ಒಂದು ನುಣುಪು ಗರಿಯ ಹಕ್ಕಿಯನ್ನು ಜರ್ಮನರು ‘ಝೈಡನ್‌ಶ್ವಾಂಟ್ಸ್’ ಎನ್ನುತ್ತಾರೆ, ಅಂದರೆ ರೇಷ್ಮೆಬಾಲ. ಫ್ರಾನ್ಸಿನ ವಿಯೆಯೋ 1808ರಲ್ಲಿ ಅದನ್ನು ಲ್ಯಾಟಿನ್ನಿಗೆ ತಿರುಗಿಸಿದ: ರೇಷ್ಮೆಗೆ ‘ಬಾಂಬಿಕ್ಸ್’, ಬಾಲಕ್ಕೆ ‘ಸಿಲ್ಲ’. ಈ ಕುಲದಲ್ಲಿ ಇರುವುದು ಮೂರೇ ಪ್ರಭೇದ, ಆ ಮೂರರಲ್ಲಿ ಹೆಸರಿಡುವ ಮೂರು ಮುಖ್ಯ ಬಗೆಗಳೂ ಇವೆ. ಬಾಂಬಿಸಿಲ್ಲ ಜಪೋನಿಕ ಎಂಬಲ್ಲಿ ಜಪಾನಿನದು ಎಂಬ ವಿಶೇಷಣ ಸ್ತ್ರೀಲಿಂಗಕ್ಕೆ ಹೊಂದಿಕೊಂಡಿದೆ. ಬಾಂಬಿಸಿಲ್ಲ ಸೆಡ್ರೋರುಮ್ ಎಂಬಲ್ಲಿ ಷಷ್ಠೀ ವಿಭಕ್ತಿಯ ಬಹುವಚನವಿದೆ, ‘ದೇವದಾರುಗಳ’ ರೇಷ್ಮೆಬಾಲ. ಷಷ್ಠಿಯಲ್ಲಿರುವ ಪದ ಕುಲದ ಲಿಂಗವನ್ನು ಅನುಸರಿಸಬೇಕಿಲ್ಲ. ಬಾಂಬಿಸಿಲ್ಲ ಗಾರುಲುಸ್ ಎಂಬುದನ್ನು ನೋಡಿದವರಿಗೆ ಮಾತ್ರ ಅನುಮಾನ ಬರುತ್ತದೆ. ಗಾರುಲುಸ್ ಎಂದರೆ ವಟಗುಟ್ಟುವ, ವಿಶೇಷಣವಾಗಿದ್ದರೆ ಗಾರುಲ ಆಗಬೇಕಿತ್ತು. ಆದರೆ ಲಿನೇಯಸ್‌ಗಿಂತ ಹಿಂದೆಯೇ ಗಾರುಲುಸ್ ಎಂಬುದು ಹಕ್ಕಿಯ ಹೆಸರಾಗಿ, ನಾಮಪದವಾಗಿ ಬಳಕೆಯಲ್ಲಿತ್ತು. ಅವನು ಎತ್ತಿಕೊಂಡದ್ದು ಆ ನಾಮಪದವನ್ನು. ಆದ್ದರಿಂದ ಸ್ತ್ರೀಲಿಂಗದ ಕುಲನಾಮದ ಪಕ್ಕದಲ್ಲಿ ಪುಲ್ಲಿಂಗದ ಪದ ದೋಷವಿಲ್ಲದೆ ನಿಂತಿದೆ.

ಷಷ್ಠೀ ವಿಭಕ್ತಿ ಹೆಚ್ಚಾಗಿ ಕಾಣುವುದು ವ್ಯಕ್ತಿಗಳ ಗೌರವಾರ್ಥ ಇಟ್ಟ ಹೆಸರುಗಳಲ್ಲಿ. ಗಂಡಸಿನ ಹೆಸರಿಗೆ ಸಾಮಾನ್ಯವಾಗಿ ‘ಇ’, ಹೆಂಗಸಿನ ಹೆಸರಿಗೆ ‘ಏ’ ಸೇರುತ್ತದೆ. ಮೆಕಾಂಗ್ ನದಿಯ ಸಿಪಿಲೆಗೆ 2001ರಲ್ಲಿ ಕೊಟ್ಟ ಹೆಸರು ಮೋಟಸಿಲ್ಲ ಸಂವೆಸ್ನೇ. ಕಾಂಬೋಡಿಯದ ಹಕ್ಕಿಗಳಿಗಾಗಿ ದುಡಿದು 1999ರಲ್ಲಿ ತೀರಿಕೊಂಡ ಸಂ ವೆಸ್ನಾ ಅವರ ನೆನಪಿಗೆ ಇಟ್ಟದ್ದು. ಅವರು ಗಂಡಸು, ಪ್ರತ್ಯಯ ಮಾತ್ರ ‘ಏ’. ಹೆಸರು ಅಕಾರದಲ್ಲಿ ಕೊನೆಗೊಳ್ಳುವುದರಿಂದ ಅದನ್ನು ಲ್ಯಾಟಿನ್ನಿನ ಅಕಾರಾಂತ ಶಬ್ದದಂತೆ ನಡೆಸಲಾಯಿತು. ಆ ಗುಂಪಿನ ಷಷ್ಠಿಗೆ ಲಿಂಗ ಯಾವುದೇ ಇರಲಿ, ‘ಏ’ ಬರುತ್ತದೆ. ಅಗ್ರಿಕೋಲದ ಷಷ್ಠಿಯೂ ಅಗ್ರಿಕೋಲೇ.

ಈ ಎಲ್ಲ ಹೊಂದಿಕೆಗಳನ್ನು ಕಡ್ಡಾಯ ಮಾಡುವುದು ಅಂತರರಾಷ್ಟ್ರೀಯ ಪ್ರಾಣಿನಾಮಕರಣ ಸಂಹಿತೆ. ಈಗ ಬಳಕೆಯಲ್ಲಿರುವುದು 1999ರಲ್ಲಿ ಪ್ರಕಟವಾಗಿ 2000ದ ಜನವರಿ 1ರಿಂದ ಜಾರಿಗೆ ಬಂದ ನಾಲ್ಕನೆಯ ಆವೃತ್ತಿ. ವಿಶೇಷಣದ ಕೊನೆಯನ್ನು ಲಿಂಗಕ್ಕೆ ತಕ್ಕಂತೆ ತಿದ್ದಲೇಬೇಕು ಎನ್ನುವ ಸಂಹಿತೆ, ಹೆಸರಿನ ಅರ್ಥವನ್ನು ತಿದ್ದಲು ಬಿಡುವುದಿಲ್ಲ. ಹೆಸರು ಹಕ್ಕಿಗೆ ಒಪ್ಪುವುದಿಲ್ಲ ಎಂಬ ಕಾರಣಕ್ಕೆ ಅದನ್ನು ತಳ್ಳಿಹಾಕುವಂತಿಲ್ಲ. ಅಮೆರಿಕದ ಕರಾವಳಿಯ ಒಂದು ಕಡಲಕ್ಕಿಗೆ ಲಿನೇಯಸ್ 1758ರಲ್ಲಿ ಲಾರುಸ್ ಅಟ್ರಿಸಿಲ್ಲ ಎಂದು ಹೆಸರಿಟ್ಟ, ಕಪ್ಪುಬಾಲ ಎಂದರ್ಥ. ಎಳೆಯ ಹಕ್ಕಿಯ ಬಾಲದಲ್ಲಿ ಕಪ್ಪು ಪಟ್ಟೆಯಿದೆ, ಬಲಿತ ಹಕ್ಕಿಯ ಬಾಲ ಪೂರ್ತಿ ಬಿಳಿ. ಸಂತಾನಕಾಲದಲ್ಲಿ ಕಪ್ಪಾಗುವುದು ಅದರ ತಲೆ. ಕಪ್ಪುಗೂದಲು ಎಂಬರ್ಥದ ‘ಅಟ್ರಿಕಾಪಿಲ್ಲ’ ಎಂದು ಬರೆಯುವ ಮನಸ್ಸು ಲಿನೇಯಸ್‌ಗೆ ಇದ್ದಿರಬೇಕು, ನಡುವಿನ ಅಕ್ಷರಗಳು ಬಿಟ್ಟುಹೋಗಿರಬೇಕು ಎಂದು ಪಕ್ಷಿತಜ್ಞರು ಊಹಿಸುತ್ತಾರೆ. ಹಕ್ಕಿ ಈಗ ಲ್ಯೂಕೊಫೇಯುಸ್ ಎಂಬ ಬೇರೆ ಕುಲಕ್ಕೆ ಸೇರಿದೆ. ಅಟ್ರಿಸಿಲ್ಲ ನಾಮಪದವಾದ್ದರಿಂದ ಅದರ ಕೊನೆ ಬದಲಾಗಲಿಲ್ಲ, ಅರ್ಥ ತಪ್ಪಿದರೂ ಅದರ ಜಾಗ ಬದಲಾಗಲಿಲ್ಲ. ಬಿಳಿ ಬಾಲದ ಆ ಹಕ್ಕಿ ಪಟ್ಟಿಗಳಲ್ಲಿ ಇಂದಿಗೂ ಕಪ್ಪುಬಾಲವೇ.